ನೆರೆಯಲ್ಲಿ ಉಸಿರು ಹಿಡಿದ ಭತ್ತ

ಶ್ರಾವಣ ಮಾಸ. ಒಡಿಶಾದ ಮಹಾನದಿಯ ಮುಖಜಭೂಮಿಯಲ್ಲಿ ನಾಟಿ ಮುಗಿದು ಕೆಲವೇ ವಾರಗಳಾಗಿರುತ್ತವೆ. ಗದ್ದೆಗಳೆಲ್ಲ ಹಸಿರುಹಚ್ಚಡ ಹೊದ್ದು ನಿಂತಿರುತ್ತವೆ. ಅಷ್ಟರಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಮೋಡಗಳು ದಟ್ಟೈಸಿ, ನಾಲ್ಕು ದಿನ ಎಡೆಬಿಡದೆ ಮಳೆ ಸುರಿದರೆ ಸಾಕು, ನದಿ ದಂಡೆ ಮೀರುತ್ತದೆ. ಬೆಳಗಾಗುವ ಹೊತ್ತಿಗೆ ಹಸಿರೆಲ್ಲ ಮಾಯವಾಗಿ, ಕಣ್ಣು ಹಾಯುವವರೆಗೂ ಕದಡಿದ ನೀರು ನಿಂತಿರುತ್ತದೆ. ರೈತನು ಬದುವಿನ ಮೇಲೆ ನಿಂತು ದಿನಗಳನ್ನು ಎಣಿಸುತ್ತಾನೆ. ಮೂರು ದಿನಗಳಲ್ಲಿ ನೀರು ಇಳಿದರೆ ಪೈರು ಉಳಿದೀತು. ವಾರ ದಾಟಿದರೆ ಆಸೆ ಬಿಡಬೇಕು. ಆಗ ಅವನ ಪಾಲಿಗೆ ಉಳಿಯುವುದು ಕೊಳೆತ ಹುಲ್ಲು ಮತ್ತು ತೀರದ ಸಾಲ.

ಭತ್ತವು ನೀರಿನ ಬೆಳೆ ಎಂಬುದನ್ನು ಮಕ್ಕಳೂ ಬಲ್ಲರು. ನೀರಿನಲ್ಲಿ ಹುಟ್ಟಿ, ನೀರಿನಲ್ಲಿಯೇ ನಿಂತು ಬೆಳೆಯುವ ಈ ಪೈರು ನೀರಿನಲ್ಲಿಯೇ ಸಾಯುವುದೇಕೆ? ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿಗಳಿಗೆ ಕೊನೆಗೆ ದೊರೆತ ಉತ್ತರವು ಸಂಸಾರ ನಡೆಸುವ ಯಾರಿಗೂ ಅಪರಿಚಿತವಾದುದಲ್ಲ. ನೆರೆಗೆ ಸಿಕ್ಕಿದ ಪೈರು ಬಹುಮಟ್ಟಿಗೆ ಸಾಯುವುದು ತನ್ನ ದುಂದುಗಾರಿಕೆಯಿಂದ. ಬದುಕುವ ಪೈರು ಬದುಕುವುದು ತನ್ನ ಮಿತವ್ಯಯದಿಂದ.

ನಿಂತುಹೋದ ವರಮಾನ

ಗದ್ದೆಯಲ್ಲಿ ಗೇಣುದ್ದ ನೀರು ನಿಂತಾಗ ಭತ್ತಕ್ಕೆ ಯಾವ ತೊಂದರೆಯೂ ಇಲ್ಲ. ಅದರ ಎಲೆ, ಕಾಂಡ, ಬೇರುಗಳ ಒಳಗೆ ಗಾಳಿಯು ಹರಿದಾಡಲು ಸೂಕ್ಷ್ಮವಾದ ನಾಳಗಳಿವೆ. ನೀರಿನ ಮೇಲೆ ತಲೆಯೆತ್ತಿ ನಿಂತ ಎಲೆಗಳು ಹೀರಿದ ಗಾಳಿಯು ಈ ನಾಳಗಳ ಮೂಲಕ ಕೆಸರಿನೊಳಗಿನ ಬೇರಿನವರೆಗೂ ಇಳಿಯುತ್ತದೆ. ಆದರೆ ನೀರು ತಲೆಯ ಮೇಲೆ ಏರಿದೊಡನೆ ಈ ಏರ್ಪಾಡೆಲ್ಲ ಕುಸಿದುಬೀಳುತ್ತದೆ. ಅನಿಲಗಳು ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವ ವೇಗ ಸುಮಾರು ೧೦,೦೦೦ ಪಟ್ಟು ಕಡಿಮೆ. ಉಸಿರಾಟಕ್ಕೆ ಬೇಕಾದ ಆಮ್ಲಜನಕವಾಗಲಿ, ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಆಗಲಿ ಎಲೆಗೆ ಸಾಕಷ್ಟು ಮುಟ್ಟುವುದಿಲ್ಲ. ಕೆಸರು ನೀರು ಬಿಸಿಲನ್ನೂ ತಡೆಯುತ್ತದೆ.

ಪ್ರತಿಯೊಂದು ಜೀವಕೋಶವೂ ತನ್ನ ಕೆಲಸಗಳಿಗೆ ವೆಚ್ಚಮಾಡುವ ನಾಣ್ಯವೊಂದಿದೆ. ಅದಕ್ಕೆ ಎ.ಟಿ.ಪಿ. ಎಂದು ಹೆಸರು. ಸಕ್ಕರೆಯನ್ನು ಒಡೆದು ಈ ನಾಣ್ಯವನ್ನು ಟಂಕಿಸುವುದೇ ಉಸಿರಾಟದ ಉದ್ದೇಶ. ಆಮ್ಲಜನಕವು ಯಥೇಚ್ಛವಾಗಿದ್ದರೆ ಗ್ಲೂಕೋಸಿನ ಒಂದು ಅಣುವಿನಿಂದ ಸುಮಾರು ೩೦ ನಾಣ್ಯಗಳು ಹುಟ್ಟುತ್ತವೆ. ಆಮ್ಲಜನಕವಿಲ್ಲದಿದ್ದಾಗ ಕೋಶವು ಹಳೆಯದೊಂದು ಒಳದಾರಿಯನ್ನು ಹಿಡಿಯುತ್ತದೆ. ದೋಸೆಯ ಹಿಟ್ಟಿನಲ್ಲಿಯೂ ಹೆಂಡದ ಮಡಕೆಯಲ್ಲಿಯೂ ನಡೆಯುವ ಹುದುಗುವಿಕೆಯ ದಾರಿ ಅದು. ಆ ದಾರಿಯಲ್ಲಿ ಸಕ್ಕರೆಯು ಮದ್ಯಸಾರವಾಗಿ ಹೊರಬೀಳುತ್ತದೆ. ಕೈಗೆ ಸಿಗುವುದು ಎರಡೇ ಎರಡು ನಾಣ್ಯ.

ಒಂದು ಕಡೆ ಹೊಸ ಸಕ್ಕರೆಯ ಸಂಪಾದನೆ ನಿಂತುಹೋಗಿದೆ. ಇನ್ನೊಂದು ಕಡೆ ಕೂಡಿಟ್ಟ ಸಕ್ಕರೆಯೂ ಪಿಷ್ಟವೂ ಹದಿನೈದನೆಯ ಒಂದು ಪಾಲಿನ ಬೆಲೆಗೆ ಕರಗುತ್ತಿವೆ. ಯಜಮಾನನ ಸಂಬಳ ನಿಂತು, ಮನೆಯ ಒಡವೆಗಳು ಒಂದೊಂದಾಗಿ ಅಗ್ಗದ ಬೆಲೆಗೆ ಮಾರಾಟವಾಗುತ್ತಿರುವ ಸಂಸಾರದ ಸ್ಥಿತಿ ಇದು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಸುದ್ದಿ ತರುವ ದೂತರು

ಕಣ್ಣು ಕಿವಿಗಳಿಲ್ಲದ ಗಿಡಕ್ಕೆ ತಾನು ಮುಳುಗಿದ್ದೇನೆಂಬುದು ತಿಳಿಯುವ ಬಗೆ ಹೇಗೆ? ಅದಕ್ಕೆ ಒಬ್ಬನಲ್ಲ, ಹಲವು ದೂತರು ಸುದ್ದಿ ತರುತ್ತಾರೆ.

ಮೊದಲನೆಯ ದೂತ ಎಥಿಲೀನ್ ಎಂಬ ಅನಿಲ. ಬಾಳೆಯ ಗೊನೆಯನ್ನು ಮುಚ್ಚಿಟ್ಟರೆ ಬೇಗ ಹಣ್ಣಾಗುತ್ತದೆಂಬುದು ಗೃಹಿಣಿಯರಿಗೆಲ್ಲ ತಿಳಿದ ವಿಷಯ. ಕಾಯಿಗಳು ತಾವೇ ಹೊರಬಿಡುವ ಎಥಿಲೀನ್ ಹೊರಗೆ ಹೋಗಲಾರದೆ ಅಲ್ಲಿಯೇ ಸೇರಿಕೊಂಡು ಹಣ್ಣು ಮಾಡುತ್ತದೆ. ಈ ಅನಿಲಕ್ಕೆ ಗಿಡಗಳ ಬೆಳವಣಿಗೆಯನ್ನು ಬದಲಿಸುವ ಶಕ್ತಿಯಿದೆಯೆಂಬುದನ್ನು ೧೯೦೧ರಲ್ಲಿ ರಷ್ಯದ ನೆಲ್ಯುಬೋವ್ ಎಂಬ ವಿಜ್ಞಾನಿಯು ಬಟಾಣಿಯ ಸಸಿಗಳ ಮೇಲೆ ಪ್ರಯೋಗ ನಡೆಸಿ ತೋರಿಸಿಕೊಟ್ಟನು. ಭತ್ತದ ಪೈರೂ ಸದಾ ಅಲ್ಪಸ್ವಲ್ಪ ಎಥಿಲೀನನ್ನು ಹುಟ್ಟಿಸುತ್ತಲೇ ಇರುತ್ತದೆ. ಅದು ಗಾಳಿಯಲ್ಲಿ ಲೀನವಾಗುತ್ತದೆ. ಗಿಡ ಮುಳುಗಿದಾಗ ಮಾತ್ರ ಸುತ್ತಲಿನ ನೀರು ಅದನ್ನು ಹೊರಗೆ ಬಿಡುವುದಿಲ್ಲ. ಮುಚ್ಚಿಟ್ಟ ಗೊನೆಯಲ್ಲಿ ಆದಂತೆ ಅನಿಲವು ಒಳಗೇ ಸೇರುತ್ತದೆ. ‘ನೀರು ತಲೆಯ ಮೇಲೆ ಬಂದಿದೆ’ ಎಂಬ ಸುದ್ದಿಯು ಹೀಗೆ ಕೋಶಕೋಶಕ್ಕೂ ಮುಟ್ಟುತ್ತದೆ.

ಎರಡನೆಯ ದೂತನ ಬಗೆ ಇನ್ನೂ ವಿಚಿತ್ರವಾದುದು. ಗಿಡದ ಕೋಶಗಳು ಒಂದು ಬಗೆಯ ಪ್ರೋಟೀನನ್ನು ಎಡೆಬಿಡದೆ ತಯಾರಿಸುತ್ತಿರುತ್ತವೆ. ಆಮ್ಲಜನಕವು ಅದನ್ನು ಎಡೆಬಿಡದೆ ನಾಶಕ್ಕೆ ಗುರಿಮಾಡುತ್ತಿರುತ್ತದೆ. ಆಮ್ಲಜನಕವು ಕಡಿಮೆಯಾದಾಗ ಮಾತ್ರ ಈ ಪ್ರೋಟೀನು ಬದುಕುಳಿದು, ಕೋಶದ ನಡುಮನೆಯಾದ ಬೀಜಾಣುವನ್ನು ಸೇರಿ, ಹುದುಗುವಿಕೆಗೆ ಬೇಕಾದ ಸಾಧನಗಳನ್ನು ಸಿದ್ಧಪಡಿಸುವಂತೆ ಅಪ್ಪಣೆ ಕೊಡುತ್ತದೆ. ದೂತನು ಜೀವಂತವಾಗಿ ಬಂದನೆಂಬುದೇ ಇಲ್ಲಿಯ ಸುದ್ದಿ. ಸಾಸಿವೆಯ ಕುಲಕ್ಕೆ ಸೇರಿದ ಪುಟ್ಟ ಗಿಡವೊಂದರಲ್ಲಿ ಈ ಯುಕ್ತಿಯನ್ನು ಎರಡು ವಿಜ್ಞಾನಿ ತಂಡಗಳು ೨೦೧೧ರಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದವು.

ಮೂರನೆಯವನನ್ನು ದೂತನೆನ್ನುವುದಕ್ಕಿಂತ ಬೊಕ್ಕಸದ ಅಧಿಕಾರಿಯೆನ್ನುವುದು ಲೇಸು. ಕನ್ನಡದಲ್ಲಿ ಕೋಶವೆಂದರೆ ಖಜಾನೆಯೂ ಹೌದಷ್ಟೆ. ಆ ಖಜಾನೆಯಲ್ಲಿ ಸಕ್ಕರೆ ಎಷ್ಟಿದೆಯೆಂದು ಸದಾ ಲೆಕ್ಕವಿಡುವ ಕಿಣ್ವವೊಂದಿದೆ. ವಿಜ್ಞಾನಿಗಳು ಅದನ್ನು ಸ್ನರ್ಕ್-೧ ಎಂದು ಕರೆಯುತ್ತಾರೆ. ಇದರ ದಾಯಾದಿಗಳು ಹಿಟ್ಟು ಹುದುಗಿಸುವ ಯೀಸ್ಟಿನಲ್ಲಿಯೂ ಇದ್ದಾರೆ, ಮನುಷ್ಯನ ದೇಹದಲ್ಲಿಯೂ ಇದ್ದಾರೆ. ಸಕ್ಕರೆ ಕಡಿಮೆಯಾದೊಡನೆ ಈ ಅಧಿಕಾರಿಯು ಎಚ್ಚೆತ್ತು, ಹೊಸ ಕಟ್ಟಡದ ಕೆಲಸಗಳನ್ನು ನಿಲ್ಲಿಸಿ, ಕೂಡಿಟ್ಟ ಪಿಷ್ಟವನ್ನು ಅಗತ್ಯಕ್ಕೆ ತಕ್ಕಂತೆ ಬಿಚ್ಚಿಸುತ್ತಾನೆ.

ಎರಡು ನೀತಿಗಳು

ಸುದ್ದಿಯೇನೋ ಬಂದಿತು. ಮುಂದೇನು ಮಾಡಬೇಕು? ಇಲ್ಲಿ ಭತ್ತದ ಕುಲದಲ್ಲಿ ಎರಡು ಪಂಗಡಗಳಿವೆ.

ಬಂಗ್ಲಾದೇಶ, ಥಾಯ್ಲೆಂಡ್ ಮುಂತಾದ ಕಡೆಗಳ ತಗ್ಗು ಪ್ರದೇಶಗಳಲ್ಲಿ ನೆರೆಯ ನೀರು ತಿಂಗಳುಗಟ್ಟಲೆ ನಿಲ್ಲುತ್ತದೆ. ಅಲ್ಲಿಯ ಆಳನೀರಿನ ಭತ್ತವು ನೀರಿನೊಡನೆ ಪಂದ್ಯ ಹೂಡುತ್ತದೆ. ಎಥಿಲೀನಿನ ಸುದ್ದಿ ಮುಟ್ಟಿದೊಡನೆ ದಿನಕ್ಕೆ ೨೦ರಿಂದ ೨೫ ಸೆಂಟಿಮೀಟರುಗಳವರೆಗೂ ಉದ್ದವಾಗುತ್ತ, ನೀರು ಏರಿದಂತೆಲ್ಲ ತಾನೂ ಏರಿ ತಲೆಯನ್ನು ಹೊರಗೆ ಚಾಚುತ್ತದೆ. ಅದರ ಟೊಳ್ಳು ಕಾಂಡವೇ ಉಸಿರಾಟದ ಕೊಳವೆ. ಈ ಅಪ್ಪಣೆಯನ್ನು ಕೊಡುವ ಎರಡು ಜೀನುಗಳನ್ನು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ೨೦೦೯ರಲ್ಲಿ ಗುರುತಿಸಿದರು. ಮುಳುಗುವ ಈಜುಗಾರರು ಬಾಯಲ್ಲಿ ಕಚ್ಚಿಕೊಳ್ಳುವ ಉಸಿರುಕೊಳವೆಯ ನೆನಪಿಗೆ ಅವಕ್ಕೆ ಸ್ನಾರ್ಕೆಲ್ ಎಂದೇ ಹೆಸರಿಟ್ಟರು. ಏರುವ ನೀರು ತಿಂಗಳುಗಟ್ಟಲೆ ನಿಲ್ಲುವ ಕಡೆ ಈ ಸಾಹಸವೇ ಸರಿಯಾದ ನೀತಿ.

ಸಾಮಾನ್ಯ ಗದ್ದೆಗಳ ಗಿಡ್ಡ ತಳಿಗಳೂ ಮುಳುಗಿದಾಗ ಇದನ್ನೇ ಮಾಡಲು ಹವಣಿಸುತ್ತವೆ. ಆದರೆ ಅವುಗಳಿಗೆ ಅಷ್ಟು ಎತ್ತರಕ್ಕೆ ಏರುವ ಶಕ್ತಿಯಿಲ್ಲ. ಎಲೆಗಳನ್ನು ಎಳೆದು ಎಳೆದು ಉದ್ದಮಾಡುವುದರಲ್ಲಿಯೇ ಕೂಡಿಟ್ಟ ಸಕ್ಕರೆಯೆಲ್ಲ ತೀರಿಹೋಗುತ್ತದೆ. ನೀರಿಳಿಯುವ ಹೊತ್ತಿಗೆ ಉಳಿದಿರುವುದು ಬಿಳಿಚಿಕೊಂಡ, ನಿಲ್ಲಲಾರದ, ನೂಲಿನಂಥ ಪೈರು. ಅದು ಅಲ್ಲಿಯೇ ನೆಲಕ್ಕೆ ಬಾಗಿ ಕೊಳೆಯುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚದವನ ಗತಿ ಅದಕ್ಕೆ ಒದಗುತ್ತದೆ.

ಧಾಲಪುಟ್ಟಿಯದ ಗುಟ್ಟು

ಆದರೆ ಒಡಿಶಾದ ರೈತರ ಬಳಿ ಬಹು ಹಿಂದಿನಿಂದಲೂ ಮತ್ತೊಂದು ಬಗೆಯ ಭತ್ತವಿದ್ದಿತು. ಧಾಲಪುಟ್ಟಿಯ ಎಂಬ ಆ ನಾಡತಳಿಯಿಂದ ಆರಿಸಿ ಶುದ್ಧಗೊಳಿಸಿದ ತಳಿಗೆ ಎಫ್.ಆರ್. ೧೩ಎ ಎಂದು ಹೆಸರಾಯಿತು. ಅದರ ಇಳುವರಿ ಅಲ್ಪ. ಅಕ್ಕಿಯ ಗುಣವೂ ಅಷ್ಟಕ್ಕಷ್ಟೆ. ಆದರೆ ಎರಡು ವಾರ ಪೂರ್ತಿ ಮುಳುಗಿದ್ದರೂ ನೀರಿಳಿದ ಮೇಲೆ ಅದು ಚಿಗುರುತ್ತಿತ್ತು. ಫಿಲಿಪ್ಪೀನ್ಸಿನಲ್ಲಿರುವ ಅಂತರರಾಷ್ಟ್ರೀಯ ಅಕ್ಕಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಕಣ್ಣಿಗೆ ಈ ತಳಿಯು ಬಿದ್ದಿತು. ಅದನ್ನು ಹೆಚ್ಚು ಇಳುವರಿಯ ತಳಿಗಳೊಡನೆ ಕೂಡಿಸಿದರು. ಆದರೆ ನೆರೆಯನ್ನು ತಾಳುವ ಗುಣದೊಡನೆ ಬೇಡದ ಗುಣಗಳೂ ಸಂತತಿಗೆ ಇಳಿದು ಬಂದವು, ರೈತರು ಒಪ್ಪಲಿಲ್ಲ.

೧೯೯೬ರಲ್ಲಿ ಕೆನಾಂಗ್ ಶು ಮತ್ತು ಡೇವಿಡ್ ಮೆಕಿಲ್ ಎಂಬ ವಿಜ್ಞಾನಿಗಳು ಆ ಒಳ್ಳೆಯ ಗುಣವು ಭತ್ತದ ಒಂಬತ್ತನೆಯ ವರ್ಣತಂತುವಿನ ಒಂದೆಡೆಯಲ್ಲಿ ಅಡಗಿದೆಯೆಂದು ಗುರುತಿಸಿದರು. ಹತ್ತು ವರ್ಷಗಳ ತರುವಾಯ, ೨೦೦೬ರಲ್ಲಿ, ಪಮೆಲಾ ರೊನಾಲ್ಡ್, ಜೂಲಿಯಾ ಬೇಯ್ಲಿ-ಸೆರೆಸ್ ಮುಂತಾದವರೊಡನೆ ಸೇರಿ ನಡೆಸಿದ ಸಂಶೋಧನೆಯಿಂದ ಆ ಜೀನು ಬೆಳಕಿಗೆ ಬಂದಿತು. ಅದರ ಹೆಸರು ಸಬ್-೧ಎ.

ಈ ಜೀನಿನ ಕೆಲಸವು ಎಲ್ಲರನ್ನೂ ಬೆರಗುಗೊಳಿಸಿತು. ಸ್ನಾರ್ಕೆಲ್ ಜೀನುಗಳೂ ಸಬ್-೧ಎ ಜೀನೂ ಒಂದೇ ಮನೆತನದವು. ಎರಡಕ್ಕೂ ಸುದ್ದಿ ತರುವ ದೂತನು ಎಥಿಲೀನೇ. ಆದರೆ ಅವು ಕೊಡುವ ಅಪ್ಪಣೆಗಳು ತದ್ವಿರುದ್ಧ. ಒಂದು ‘ಬೆಳೆ, ಬೆಳೆ’ ಎನ್ನುತ್ತದೆ. ಇನ್ನೊಂದು ‘ತಾಳು’ ಎನ್ನುತ್ತದೆ.

ಸಸ್ಯಗಳನ್ನು ಉದ್ದಕ್ಕೆ ಬೆಳೆಸುವ ಚೋದಕಕ್ಕೆ ಗಿಬ್ಬರೆಲಿನ್ ಎಂದು ಹೆಸರು. ಅದರ ಕಥೆ ಆರಂಭವಾದುದೂ ಭತ್ತದ ಗದ್ದೆಯಲ್ಲಿಯೇ. ಜಪಾನಿನಲ್ಲಿ ಸಸಿಗಳು ಸಣಕಲಾಗಿ ಉದ್ದುದ್ದ ಬೆಳೆದು ಸಾಯುವ ರೋಗವೊಂದಿದ್ದು, ಅಲ್ಲಿಯ ರೈತರು ಅದನ್ನು ‘ಪೆದ್ದು ಸಸಿ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ೧೯೨೬ರಲ್ಲಿ ಕುರೊಸಾವಾ ಎಂಬ ವಿಜ್ಞಾನಿಯು ಒಂದು ಬೂಷ್ಟು ಸ್ರವಿಸುವ ವಸ್ತುವೇ ಇದಕ್ಕೆ ಕಾರಣವೆಂದು ತೋರಿಸಿದನು. ಆ ವಸ್ತುವೇ ಗಿಬ್ಬರೆಲಿನ್. ಸಬ್-೧ಎ ಇರುವ ಪೈರಿನಲ್ಲಿ ಈ ಚೋದಕಕ್ಕೆ ಲಗಾಮು ಹಾಕುವ ಪ್ರೋಟೀನುಗಳು ಹೆಚ್ಚುತ್ತವೆ. ಎಲೆಗಳು ಉದ್ದವಾಗುವುದಿಲ್ಲ, ಪಿಷ್ಟವೂ ಸಕ್ಕರೆಯೂ ನಿಧಾನವಾಗಿ ಕರಗುತ್ತವೆ, ಹುದುಗುವಿಕೆಯಿಂದ ಬರುವ ಚಿಲ್ಲರೆ ನಾಣ್ಯಗಳು ಜೀವ ಹಿಡಿದಿಡುವುದಕ್ಕೆ ಮಾತ್ರ ವೆಚ್ಚವಾಗುತ್ತವೆ. ಪೈರು ನೀರಿನಡಿಯಲ್ಲಿ ಉಸಿರು ಹಿಡಿದು ಕಾಯುತ್ತದೆ.

ನೀರಿಳಿದ ಮೇಲೆ

ನೀರು ಇಳಿದೊಡನೆ ಕಷ್ಟ ತೀರಿತೆಂದು ಭಾವಿಸಬಾರದು. ಕತ್ತಲೆಯಲ್ಲಿದ್ದ ಎಲೆಗಳ ಮೇಲೆ ಒಮ್ಮೆಗೇ ಬಿಸಿಲು ಬೀಳುತ್ತದೆ; ಒಮ್ಮೆಗೇ ಆಮ್ಲಜನಕವು ನುಗ್ಗುತ್ತದೆ. ಬಹು ದಿನ ಉಪವಾಸವಿದ್ದವನಿಗೆ ಹಬ್ಬದೂಟ ಬಡಿಸಿದಂತೆ ಅದು ಅಪಾಯಕಾರಿ. ಆಮ್ಲಜನಕದ ಉಗ್ರರೂಪಗಳು ಹುಟ್ಟಿ ಕೋಶಗಳನ್ನು ಸುಡತೊಡಗುತ್ತವೆ. ನೀರಿನಲ್ಲಿಯೇ ಇದ್ದ ಎಲೆಗಳು ಆಶ್ಚರ್ಯಕರವಾಗಿ ಬಾಯಾರಿ ಬಾಡುತ್ತವೆ. ಸಬ್-೧ಎ ಜೀನು ಈ ಎರಡು ಅಪಾಯಗಳಿಂದಲೂ ಪೈರನ್ನು ಕಾಪಾಡುತ್ತದೆಂಬುದು ೨೦೧೧ರ ಸಂಶೋಧನೆಯಿಂದ ತಿಳಿದುಬಂದಿತು.

ಆಂಧ್ರದ ಮಾರುಟೇರಿನಲ್ಲಿ ರೂಪುಗೊಂಡ ಸ್ವರ್ಣ ಎಂಬ ಭತ್ತವು ಪೂರ್ವ ಭಾರತದ ರೈತರ ಅಚ್ಚುಮೆಚ್ಚಿನ ತಳಿ. ಅದನ್ನು ಸಬ್-೧ಎ ಇರುವ ಭತ್ತದೊಡನೆ ಕೂಡಿಸಿ, ಹುಟ್ಟಿದ ಸಸಿಗಳಲ್ಲಿ ಆ ಜೀನು ಇರುವವನ್ನು ಮಾತ್ರ ಆರಿಸಿ, ಮತ್ತೆ ಮತ್ತೆ ಸ್ವರ್ಣದೊಡನೆಯೇ ಕೂಡಿಸಲಾಯಿತು. ಬೇರೆ ಗುಣಗಳೆಲ್ಲ ಸ್ವರ್ಣದವಾಗಿ, ನೆರೆಯನ್ನು ತಾಳುವ ಗುಣವೊಂದು ಮಾತ್ರ ಧಾಲಪುಟ್ಟಿಯದ್ದಾಗಿ ಉಳಿಯಿತು. ‘ಸ್ವರ್ಣ ಸಬ್-೧’ ಎಂಬ ಈ ತಳಿಯು ೨೦೦೯ರಲ್ಲಿ ಭಾರತದ ರೈತರ ಕೈ ಸೇರಿತು. ನೆರೆ ಬಾರದ ವರ್ಷದಲ್ಲಿ ಅದು ಸ್ವರ್ಣದಷ್ಟೇ ಇಳುವರಿ ಕೊಡುತ್ತದೆ; ನೆರೆ ಬಂದ ವರ್ಷ ಸುಮಾರು ಎರಡು ವಾರಗಳವರೆಗೆ ತಾಳಿಕೊಳ್ಳುತ್ತದೆ.

ನೆರೆಯ ನೀರು ಮೊದಲು ನುಗ್ಗುವುದು ತಗ್ಗಿನ ಹೊಲಗಳಿಗೆ. ಅಂಥ ಹೊಲಗಳು ಬಹುವಾಗಿ ಬಡವರ ಪಾಲಿನವು. ಒಡಿಶಾದಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ತಳಿಯಿಂದ ಹೆಚ್ಚಿನ ಪ್ರಯೋಜನವು ಪರಿಶಿಷ್ಟ ಜಾತಿಗಳ ರೈತರಿಗೆ ಒದಗುವುದೆಂದು ತೋರಿಸಿತು. ಗಿಡದ ಮಿತವ್ಯಯವು ಬಡವನ ಬೊಕ್ಕಸವನ್ನು ಕಾಯುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆದರೂ ಇದು ಸಂಜೀವಿನಿಯಲ್ಲ. ನೀರು ಎರಡು ವಾರಗಳನ್ನು ಮೀರಿ ಬಹುಕಾಲ ನಿಂತರೆ ತಾಳ್ಮೆಯ ಬಂಡವಾಳವೂ ತೀರುತ್ತದೆ. ತಿಂಗಳುಗಟ್ಟಲೆ ನೀರು ನಿಲ್ಲುವ ಕಡೆ ಕಾಯುವ ನೀತಿಯು ಕೈಕೊಡುತ್ತದೆ. ಅಲ್ಲಿ ಏರುವ ಭತ್ತವೇ ಬೇಕು. ಬಿತ್ತಿದ ಬೀಜವೇ ಮುಳುಗಿದರೆ ಬೇರೊಂದು ಗುಣ ಬೇಕು. ಬರ್ಮಾ ದೇಶದ ನಾಡತಳಿಯೊಂದರಲ್ಲಿ ಅಂಥ ಗುಣದ ಜೀನು ೨೦೧೫ರಲ್ಲಿ ಗೊತ್ತಾಯಿತು. ಬೀಜದ ಪಿಷ್ಟವನ್ನು ನೀರಿನಡಿಯಲ್ಲಿಯೂ ಸಕ್ಕರೆಯಾಗಿಸಿ ಮೊಳಕೆಗೆ ಉಣಿಸುವುದು ಅದರ ಕೆಲಸ. ಕಷ್ಟವು ಯಾವ ಬಗೆಯದೆಂದು ಅರಿತು ವೆಚ್ಚದ ನೀತಿಯನ್ನು ಆರಿಸಬೇಕೆಂಬುದು ಎಲ್ಲ ಕಡೆಯೂ ಒಂದೇ ಸೂತ್ರ.

ಈ ಗುಣಗಳನ್ನು ವಿಜ್ಞಾನಿಗಳು ಸೃಷ್ಟಿಸಲಿಲ್ಲ, ಗುರುತಿಸಿದರು. ಸೃಷ್ಟಿಸಿದುದು ಪ್ರಕೃತಿ. ತಲೆತಲಾಂತರದಿಂದ ಬೀಜವನ್ನು ಕಟ್ಟಿಟ್ಟು ಉಳಿಸಿದವರು ಹೆಸರು ತಿಳಿಯದ ರೈತರು ಮತ್ತು ಅವರ ಮನೆಯ ಹೆಂಗಸರು. ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯಲ್ಲಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತವೂ ಅಂಥದೇ ಒಂದು ಆಸ್ತಿ. ಇಳುವರಿ ಕಡಿಮೆಯೆಂದು ಧಾಲಪುಟ್ಟಿಯವನ್ನು ಎಲ್ಲರೂ ಕೈಬಿಟ್ಟಿದ್ದರೆ ಅದರ ಗುಟ್ಟೂ ಅದರೊಡನೆಯೇ ಮಣ್ಣುಪಾಲಾಗುತ್ತಿತ್ತು.

ಮಹಾನದಿಯ ಬಯಲಿನಲ್ಲಿ ಹನ್ನೆರಡನೆಯ ದಿನ ನೀರು ಇಳಿಯುತ್ತದೆ. ಕೆಸರು ಮೆತ್ತಿದ, ಗಿಡ್ಡವಾದ, ಸತ್ತಂತೆ ಕಾಣುವ ಪೈರು ಹೊರಬೀಳುತ್ತದೆ. ರೈತನು ಬಗ್ಗಿ ಒಂದು ಬುಡವನ್ನು ಹಿಸುಕಿ ನೋಡುತ್ತಾನೆ. ಬುಡ ಗಟ್ಟಿಯಾಗಿದೆ. ಇನ್ನೊಂದು ವಾರದಲ್ಲಿ ಅಲ್ಲಿಂದ ಹೊಸ ಸುಳಿಯೊಂದು ಹೊರಡುತ್ತದೆ.