ಮುಕ್ತ ತಂತ್ರಾಂಶ ಸಮ್ಮೇಳನ: ಕೇಳಲು ಹೋಗುವುದೇ, ಕೈಜೋಡಿಸಲು ಹೋಗುವುದೇ?

ಬಂಟ್ವಾಳ ತಾಲೂಕಿನ ಬೆಂಜನಪದವು, ಮೂಡುಬಿದಿರೆ ಸಮೀಪದ ಮಿಜಾರು, ಬೆಳ್ತಂಗಡಿ ತಾಲೂಕಿನ ಉಜಿರೆ - ಈ ಮೂರೂ ಊರುಗಳಲ್ಲಿ 2001ರಿಂದ 2008ರ ಅವಧಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಆರಂಭಗೊಂಡವು. ಇಲ್ಲಿ ಕಂಪ್ಯೂಟರ್ ವಿಜ್ಞಾನ ಓದುವವರು ನಿತ್ಯ ಬಳಸುವ ಲಿನಕ್ಸ್, ಪೈಥಾನ್, ಪಿಎಚ್‌ಪಿ, ವರ್ಡ್‌ಪ್ರೆಸ್ ಎಲ್ಲವೂ ಮುಕ್ತ ತಂತ್ರಾಂಶಗಳೇ. ಆದರೆ ಅವುಗಳನ್ನು ಕಟ್ಟುವವರು ಒಂದೆಡೆ ಕಲೆಯುವ ದೊಡ್ಡ ಸಮ್ಮೇಳನಗಳು ರಾಜ್ಯದ ಮಟ್ಟಿಗೆ ನಡೆಯುವುದು ಬಹುತೇಕ ಬೆಂಗಳೂರಿನಲ್ಲಿ. ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತಿ, ಎರಡು ದಿನ ಕಳೆದು, ಮತ್ತೆ ಘಟ್ಟ ಇಳಿದು ಬಂದ ವಿದ್ಯಾರ್ಥಿಯ ಕೈಯಲ್ಲಿ ಹಲವು ಬಾರಿ ಉಳಿಯುವುದು ಒಂದು ಟೀ ಶರ್ಟ್ ಮತ್ತು ಲ್ಯಾಪ್‌ಟಾಪಿಗೆ ಅಂಟಿಸುವ ನಾಲ್ಕು ಸ್ಟಿಕರ್. ಬಸ್ ಖರ್ಚು ಹೊಂದಿಸಿಕೊಟ್ಟ ತಂದೆತಾಯಿ 'ಇದರಿಂದೇನು ಬಂತು?' ಎಂದು ಕೇಳಿದರೆ ತಪ್ಪಲ್ಲ.

ಮುಕ್ತ ತಂತ್ರಾಂಶವೆಂದರೆ ಪುಕ್ಕಟೆ ತಂತ್ರಾಂಶವೆಂದಷ್ಟೇ ಅರ್ಥವಲ್ಲ. ಅದರ ಮೂಲ ಸಂಕೇತವನ್ನು ಯಾರೂ ಓದಬಹುದು, ತಿದ್ದಬಹುದು, ಪ್ರತಿ ಮಾಡಿ ಹಂಚಬಹುದು. ಪ್ರತಿ ಮಾಡುವುದರ ಬೆಲೆಯನ್ನು ಮೂಡುಬಿದಿರೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕಷ್ಟೇ ದೊರೆಯುತ್ತಿದ್ದ ಧವಲಾ ಗ್ರಂಥದ ತಾಳೆಗರಿಗಳನ್ನು ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಪ್ರತಿ ಮಾಡತೊಡಗಿದ್ದರಿಂದಲೇ, 1939ರಲ್ಲಿ ಅದರ ಮೊದಲ ಸಂಪುಟ ಅಚ್ಚಾಗಿ ವಿದ್ವಾಂಸರ ಕೈಗೆ ಬಂದಿತು.

ಬೆಂಗಳೂರಿನಲ್ಲಿ ಈ ಪರಂಪರೆ ಹಳೆಯದು. 2001ರಲ್ಲಿ 'ಲಿನಕ್ಸ್ ಬೆಂಗಳೂರು' ಎಂಬ ಹೆಸರಿನಲ್ಲಿ ಆರಂಭವಾದ ಸಮ್ಮೇಳನ 2005ರಲ್ಲಿ 'ಫಾಸ್ ಡಾಟ್ ಇನ್' ಆಯಿತು. ಅದರ ಬೆನ್ನೆಲುಬಾಗಿದ್ದವರು ಅತುಲ್ ಚಿಟ್ನಿಸ್. ಬರಬರುತ್ತಾ ಅಲ್ಲಿ ಭಾಷಣಕ್ಕಿಂತ ಕೂಡಿ ಕುಳಿತು ಕೆಲಸ ಮಾಡುವುದಕ್ಕೆ ಒತ್ತು ಹೆಚ್ಚಿತು. 2012ರ ಸಮ್ಮೇಳನವೇ ಕೊನೆಯದಾಯಿತು. ಮರುವರ್ಷ ಚಿಟ್ನಿಸ್ ತೀರಿಕೊಂಡರು. ಇತ್ತೀಚಿನ ವರ್ಷಗಳಲ್ಲಿ ಫಾಸ್ ಯುನೈಟೆಡ್ ಸಂಸ್ಥೆಯ 'ಇಂಡಿಯಾಫಾಸ್' ನಿಮ್ಹಾನ್ಸ್ ಸಮಾವೇಶ ಕೇಂದ್ರದಲ್ಲಿ ನಡೆಯುತ್ತ ಬಂದಿದೆ. 2024ರಲ್ಲಿ ಅದರ ಮೊದಲ ದಿನವೇ ಗಣೇಶ ಚೌತಿ. ಕರಾವಳಿಯಲ್ಲಿ ಚೌತಿಯಂದು ಮನೆಬಿಟ್ಟು ಹೊರಡುವುದೆಂದರೆ ಸಣ್ಣ ತ್ಯಾಗವೇನಲ್ಲ!

ಇಂತಹ ಸಮ್ಮೇಳನಗಳ ಒಂದು ಗುಟ್ಟನ್ನು ಹೊಸಬರು ತಡವಾಗಿ ಅರಿಯುತ್ತಾರೆ. ವೇದಿಕೆಯ ಉಪನ್ಯಾಸಗಳ ಬಹುಪಾಲು ಬಳಿಕ ವಿಡಿಯೋ ರೂಪದಲ್ಲಿ ದೊರೆಯುತ್ತದೆ. ಅವುಗಳಿಗಾಗಿಯೇ ಸುಮಾರು 350 ಕಿ.ಮೀ. ಪ್ರಯಾಣಿಸಬೇಕಾಗಿಲ್ಲ. ವಿಡಿಯೋದಲ್ಲಿ ಸಿಗದಿರುವುದು ಪಡಸಾಲೆಯ ಮಾತುಕತೆ, ಊಟದ ಸಾಲಿನಲ್ಲಿ ಆಗುವ ಪರಿಚಯ ಮತ್ತು ಕೆಲವು ಸಮ್ಮೇಳನಗಳು ಪ್ರತ್ಯೇಕವಾಗಿ ಮೀಸಲಿಡುವ ಕೊಡುಗೆಯ ದಿನ. ವರ್ಡ್‌ಪ್ರೆಸ್ ಬಳಗದ ವರ್ಡ್‌ಕ್ಯಾಂಪ್‌ಗಳಲ್ಲಿ ಈ ದಿನ ಅನುವಾದ, ದಾಖಲೆ ಬರವಣಿಗೆ, ಪರೀಕ್ಷೆ, ಸಂಕೇತ ರಚನೆ ಎಂದು ಬೇರೆ ಬೇರೆ ಮೇಜುಗಳಿರುತ್ತವೆ. ಬಂದವರು ತಮಗೆ ತಿಳಿದ ಮೇಜಿಗೆ ಹೋಗಿ ಕುಳಿತರಾಯಿತು, ಪಕ್ಕದವರು ದಾರಿ ತೋರಿಸುತ್ತಾರೆ.

ಸಂಕೇತ ಬರೆಯಲು ಬಾರದವರಿಗೂ ಅಲ್ಲಿ ಜಾಗವಿದೆಯೇ ಎಂಬ ಸಂಶಯಕ್ಕೆ ತುಳು ವಿಕಿಪೀಡಿಯ ಉತ್ತರ. ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದ ಮೇಲೆ. ಹೊಸ ಭಾಷೆಗೆ ಪ್ರತ್ಯೇಕ ತಾಣ ದೊರೆಯಬೇಕಾದರೆ ಲೇಖನಗಳಿದ್ದರೆ ಸಾಲದು. ತಂತ್ರಾಂಶದಲ್ಲಿ ಪದೇ ಪದೇ ಕಾಣುವ ಸೂಚನೆಗಳೂ ಆ ಭಾಷೆಗೆ ಬಂದಿರಬೇಕು. 'ಹುಡುಕಿ' ಎಂಬಲ್ಲಿ 'ನಾಡ್‌ಲೆ' ಎಂದು ಬರೆಯಲು ಬೇಕಾದದ್ದು ಎಂಜಿನಿಯರಿಂಗ್ ಪದವಿಯಲ್ಲ, ಈ ಮೂರೂ ತಾಲೂಕುಗಳ ಮನೆಮನೆಗಳಲ್ಲಿರುವ ತುಳು. ಸ್ವಯಂಸೇವಕರು ಸುಮಾರು ಎಂಟು ವರ್ಷ ಪ್ರಾಯೋಗಿಕ ಹಂತದಲ್ಲಿ ಇದನ್ನು ಬೆಳೆಸಿದರು. ಅದು ಸ್ವತಂತ್ರ ತಾಣವಾದ ಸುದ್ದಿಯನ್ನು ವಿಕಿಮೀಡಿಯ ಪ್ರತಿಷ್ಠಾನದ ಅಂದಿನ ಮುಖ್ಯಸ್ಥೆ ಕ್ಯಾಥರೀನ್ ಮಾಹೆರ್ ಪ್ರಕಟಿಸಿದ್ದು 2016ರ ಆಗಸ್ಟ್‌ನಲ್ಲಿ, ಚಂಡೀಗಢದ ಇಂಥದ್ದೇ ಒಂದು ಸಮುದಾಯ ಸಮ್ಮೇಳನದಲ್ಲಿ.

ಆದ್ದರಿಂದ ಹೋಗುವ ಮುನ್ನ ಏನಾದರೊಂದು ಸಣ್ಣ ಕೆಲಸ ಮಾಡಿಟ್ಟುಕೊಳ್ಳುವುದು ಉತ್ತಮ. ಜಾಲತಾಣವೊಂದರಲ್ಲಿ ಕನ್ನಡದ ಅರ್ಕಾವತ್ತು ತಪ್ಪು ಜಾಗದಲ್ಲಿ ಮೂಡಿದರೆ ಅದು ಮೊದಲು ಕಣ್ಣಿಗೆ ಬೀಳುವುದು ಕನ್ನಡ ಓದುಗನಿಗೇ ಹೊರತು ದೂರದ ತಂತ್ರಜ್ಞನಿಗಲ್ಲ. ಯಾವ ಬ್ರೌಸರ್, ಯಾವ ಅಕ್ಷರಶೈಲಿ, ಯಾವ ಪದ ಎಂಬುದನ್ನು ಚಿತ್ರಸಮೇತ ಬರೆದು ಕಳುಹಿಸಿದರೆ ಅದೇ ಒಂದು ದೋಷವರದಿ. ವರ್ಡ್‌ಪ್ರೆಸ್‌ನ ಹತ್ತು ವಾಕ್ಯಗಳನ್ನು ಕನ್ನಡಕ್ಕೆ ತಂದರೂ ಸರಿಯೇ. ಹೀಗೆ ಹೋದವನಿಗೆ ಅಲ್ಲಿ ಮಾತಿಗೆ ವಿಷಯವಿರುತ್ತದೆ; 'ನನ್ನ ವರದಿ ಇನ್ನೂ ಹಾಗೆಯೇ ಬಿದ್ದಿದೆ, ಏನು ಮಾಡಲಿ?' ಎಂದು ಕೇಳಬಹುದು. ಬರಿಗೈಯಲ್ಲಿ ಹೋದವನು ಹೆಚ್ಚಾಗಿ ಗೋಡೆಗೊರಗಿ ನಿಲ್ಲುತ್ತಾನೆ.

ಇಂಗ್ಲಿಷಿನ ಅಳುಕು ನಮ್ಮ ಊರುಗಳ ವಿದ್ಯಾರ್ಥಿಗಳನ್ನು ತಡೆಯುವ ಮುಖ್ಯ ಸಂಗತಿ. ಗೋಷ್ಠಿಗಳು ನಡೆಯುವುದು ಇಂಗ್ಲಿಷಿನಲ್ಲೇ, ಅದನ್ನು ಮರೆಮಾಚಿ ಫಲವಿಲ್ಲ. ಆದರೆ ಮೇಜಿನ ಸುತ್ತ ಕುಳಿತಾಗ ತೆರೆಯ ಮೇಲಿನ ತಪ್ಪನ್ನು ಬೆರಳಿಟ್ಟು ತೋರಿಸಲು ಅರ್ಧಂಬರ್ಧ ಇಂಗ್ಲಿಷೂ ಸಾಕು. ಬೆಂಗಳೂರಿನ ಸಭಾಂಗಣದಲ್ಲಿ ಕನ್ನಡ ಬಲ್ಲವರಿಗೂ ಬರವಿಲ್ಲ. ವಿದ್ಯಾರ್ಥಿಗಳಿಗೆ ಕಡಿಮೆ ದರದ ಪ್ರವೇಶವಿದೆಯೇ, ಸ್ವಯಂಸೇವಕರಾಗಿ ಸೇರಬಹುದೇ ಎಂಬುದನ್ನು ತಿಂಗಳುಗಳ ಮೊದಲೇ ವಿಚಾರಿಸಬೇಕು. ಇಂಡಿಯಾಫಾಸ್ 2024 ಮತ್ತು 2025ರಲ್ಲಿ ಸೆಪ್ಟೆಂಬರಿನ ಶನಿವಾರ, ಭಾನುವಾರಗಳಂದು ನಡೆಯಿತು. ಆ ಹೊತ್ತಿಗೆ ಶಿರಾಡಿ, ಚಾರ್ಮಾಡಿಗಳ ಮಳೆ ಪೂರ್ತಿ ನಿಂತಿರುವುದಿಲ್ಲ. ಮೊದಲ ಗೋಷ್ಠಿ ತಪ್ಪಬಾರದೆನ್ನುವವರು ಶುಕ್ರವಾರ ರಾತ್ರಿಯ ಕೊನೆಯ ಬಸ್ಸನ್ನು ನೆಚ್ಚದೆ ಸಂಜೆಯೇ ಹೊರಡುವುದು ಲೇಸು.