ಧೂಮಪರೀಕ್ಷೆ

ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವುದು ತಾರ್ಕಿಕರ ಹಳೆಯ ದೃಷ್ಟಾಂತವು. ನಮ್ಮ ಕಾರಿಗೆ ಹೆಡ್ ಗ್ಯಾಸ್ಕೆಟ್ ಬದಲಾಯಿಸಿದ ಮರುದಿನ, ಬಿಳಿಯ ಹೊಗೆಯನ್ನೂ ನಿಂತಲ್ಲಿಯೇ ಇಂಜಿನ್ ನಡುಗುವುದನ್ನೂ ಕಂಡು, ನಾನು ಮೇಸ್ತ್ರಿಯ ಕೂಲಿಯನ್ನು ತಡೆದೆನು. ಅದು ದುಡುಕಾಯಿತು.

ಬಿಚ್ಚುವಾಗ ಸೈಲೆನ್ಸರಿನೊಳಕ್ಕೆ ಇಳಿದ ನೀರು ಆವಿಯಾಗಿ ಹೋಗುವವರೆಗೆ ಬಿಳಿಯ ಹೊಗೆ ಸಹಜವು. ಅದು ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ, ಗ್ಯಾಸ್ಕೆಟ್ ಸೋರುತ್ತಿದೆಯೆಂದೋ ಹೆಡ್ಡು ಸೊಟ್ಟಗಾಗಿದೆಯೆಂದೋ ಶಂಕಿಸತಕ್ಕದ್ದು. ನೀಲಿ ಹೊಗೆಯು ಎಣ್ಣೆ ಉರಿಯುವುದನ್ನೂ, ಕಪ್ಪು ಹೊಗೆಯು ಪೆಟ್ರೋಲು ಮಿತಿಮೀರಿದುದನ್ನೂ ಸೂಚಿಸುವುವು. ನೀರನ್ನು ಇಂಜಿನ್ ಆರಿದ ಮೇಲೆಯೇ ನೋಡಬೇಕು. ಬಿಸಿಯಿರುವಾಗ ಮುಚ್ಚಳ ತೆರೆದರೆ ಮೈ ಸುಡುವುದು.

ನಮ್ಮಲ್ಲಿ ನೀರು ಇಳಿದಿರಲಿಲ್ಲ; ಹೊಗೆಯೂ ತಾನಾಗಿ ನಿಂತಿತು. ನಡುಕಕ್ಕೆ ಕಾರಣ, ಹಳತಾಗಿ ಬಿರಿದಿದ್ದ ಒಂದು ವ್ಯಾಕ್ಯೂಮ್ ಕೊಳವೆ. ಅದನ್ನು ಕಂಡುಹಿಡಿದವನೂ ಆ ಮೇಸ್ತ್ರಿಯೇ. ಕೂಲಿಯನ್ನು ಕೊಟ್ಟು ಕ್ಷಮೆ ಬೇಡಿದೆನು. ಹೇತುವನ್ನು ಪರೀಕ್ಷಿಸದೆ ದೋಷವನ್ನು ಆರೋಪಿಸಬಾರದು.