ದ್ರಾಕ್ಷಿ ತೋಟದ ಚಿಕ್ಕ ಟ್ರ್ಯಾಕ್ಟರ್: ಸೆಲ್ಫ್ ಹೊಡೆಯದಿದ್ದಾಗ ದೋಷ ಹುಡುಕುವ ಬಗೆ

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ಔಷಧ ಸಿಂಪರಣೆಗೆ ಸಾಲುಗಳ ನಡುವೆ ಓಡಾಡುವ ಚಿಕ್ಕ ಟ್ರ್ಯಾಕ್ಟರೇ ಆಧಾರ. ಅಕ್ಟೋಬರ್ ಚಾಟನಿಯ ನಂತರ ಎಳೆ ಚಿಗುರು, ಹೂಗೊಂಚಲು ಇರುವಾಗ ಮಳೆಯಾದರೆ ಬೂಜು ತುಪ್ಪಟ ರೋಗದ (ಡೌನಿ) ಸಿಂಪರಣೆಯನ್ನು ನಾಳೆಗೆ ಮುಂದೂಡುವಂತಿಲ್ಲ. ಅಂಥ ಮುಂಜಾನೆ ಸೆಲ್ಫ್ ಹೊಡೆಯದಿದ್ದರೆ ರೈತರು ಗಾಬರಿಯಿಂದ ವಿಜಯಪುರಕ್ಕೆ ಧಾವಿಸಿ ಹೊಸ ಬ್ಯಾಟರಿ ತರುವುದುಂಟು. ಅದನ್ನು ಕೂರಿಸುವಾಗ ಟರ್ಮಿನಲ್ಲುಗಳನ್ನು ತಿಕ್ಕಿ ಬಿಗಿ ಮಾಡಲಾಗುತ್ತದೆ, ಯಂತ್ರ ಚಾಲೂ ಆಗುತ್ತದೆ. ಹಳೆಯ ಬ್ಯಾಟರಿ ಕೆಟ್ಟಿತ್ತೆಂಬ ನಂಬಿಕೆ ಉಳಿಯುತ್ತದೆ. ಎಷ್ಟೋ ಸಲ ಕೆಟ್ಟಿದ್ದು ಬ್ಯಾಟರಿಯಲ್ಲ, ಅದರ ಜೋಡಣೆ.

ಮೊದಲು ಕಿವಿಗೊಟ್ಟು ಕೇಳಬೇಕು. ಕೀಲಿ ತಿರುಗಿಸಿದಾಗ ಟಕಟಕನೆ ಸದ್ದಾಗುತ್ತಿದ್ದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ. ಒಂದೇ ಸಲ 'ಟಕ್' ಎಂದು ಸುಮ್ಮನಾದರೆ ಸೊಲೆನಾಯ್ಡ್ ಅಥವಾ ಸೆಲ್ಫ್ ಮೋಟರಿನತ್ತ ಗಮನ ಹರಿಸಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸ್, ಕೀಲಿ ಸ್ವಿಚ್ ಮತ್ತು ಗೇರ್ ನ್ಯೂಟ್ರಲ್‌ನಲ್ಲಿರುವಾಗ ಮಾತ್ರ ಸಂಪರ್ಕ ಕೊಡುವ ಸುರಕ್ಷತಾ ಸ್ವಿಚ್ಚನ್ನು ನೋಡಬೇಕು. ಒಣದ್ರಾಕ್ಷಿ ಶೆಡ್ಡಿನಲ್ಲಿ ನಿಲ್ಲಿಸಿದ ಟ್ರ್ಯಾಕ್ಟರಾದರೆ ಇಲಿ ಕಡಿದ ವಾಯರನ್ನೂ ಮರೆಯಬಾರದು.

ಮುಂದಿನ ಪರೀಕ್ಷೆಗೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ 12 ವೋಲ್ಟ್ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ಣ ಚಾರ್ಜ್ ಇದೆ, 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಬಳಿಕ ಉಳಿದ ಪರೀಕ್ಷೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಇಳಿಯುವುದು ಸಹಜ. ಪೂರ್ಣ ಚಾರ್ಜಾದ ಬ್ಯಾಟರಿಯೂ ಆಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲಾಗಲಿ ಸೆಲ್ಫ್ ಮೋಟರಿನ ಮೇಲಾಗಲಿ ಸಂಶಯ ಪಡಬೇಕು.

'ದೀಪ ಚೆನ್ನಾಗಿ ಉರಿಯುತ್ತದೆ, ಹಾಗಾದರೆ ವಾಯರಿಂಗ್ ಸರಿಯಿದೆ' ಎಂಬ ಮಾತು ದಾರಿ ತಪ್ಪಿಸುತ್ತದೆ. ದೀಪಕ್ಕೆ ಬೇಕಾದದ್ದು ಕೆಲವೇ ಆಂಪಿಯರ್, ಸೆಲ್ಫ್ ಮೋಟರಿಗೆ ನೂರಕ್ಕೂ ಹೆಚ್ಚು. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ 0.02 ಓಮ್ ರೋಧವಿದೆ ಎನ್ನೋಣ. 5 ಆಂಪಿಯರ್ ಹರಿದಾಗ ಅಲ್ಲಿ ನಷ್ಟವಾಗುವುದು 0.1 ವೋಲ್ಟ್; 150 ಆಂಪಿಯರ್ ಹರಿದಾಗ 3 ವೋಲ್ಟ್! ದೀಪಕ್ಕೆ ಅದರ ಅರಿವೇ ಆಗುವುದಿಲ್ಲ, ಸೆಲ್ಫ್ ಮಾತ್ರ ಸೋಲುತ್ತದೆ. ಮೈಲುತುತ್ತದ ದ್ರಾವಣ ಮೇಲೆ ಸಿಡಿಯುವ ಟ್ರ್ಯಾಕ್ಟರುಗಳಲ್ಲಿ ಅರ್ಥಿಂಗ್ ಪಟ್ಟಿ ಚಾಸಿಗೆ ಕೂಡುವ ಬೋಲ್ಟಿನ ಕೆಳಗೆ ಇಂಥ ಕಿಲುಬು ಬೇಗ ಕೂಡುತ್ತದೆ.

ಇದನ್ನು ಅಳೆಯಲು ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಪಿಟಿಒ ಬಿಡಿಸಿ, ಇಂಜಿನ್ ಚಾಲೂ ಆಗದಂತೆ ಸ್ಟಾಪ್ ಗುಂಡಿ ಎಳೆದು ಹಿಡಿಯಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಕಂಬಕ್ಕೂ ಇನ್ನೊಂದನ್ನು ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಇಟ್ಟು, ಮತ್ತೊಬ್ಬರಿಂದ ಐದು ಸೆಕೆಂಡು ಸೆಲ್ಫ್ ಹೊಡೆಸಬೇಕು. ಮೀಟರ್ 0.5 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಆ ದಾರಿಯಲ್ಲೇ ಇದೆ. ಧನ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನವರೆಗೂ ಹೀಗೆಯೇ ನೋಡಬೇಕು. ದೋಷವಿರುವ ಜೋಡಣೆ ಬಿಚ್ಚಿ, ಮರಳು ಕಾಗದದಿಂದ ಹೊಳಪು ಬರುವವರೆಗೆ ತಿಕ್ಕಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಬೇಕು. ಬಿಚ್ಚುವಾಗ ಋಣ ಟರ್ಮಿನಲ್ ಮೊದಲು, ಜೋಡಿಸುವಾಗ ಅದು ಕೊನೆಗೆ. ಕೈಯಲ್ಲಿ ಕಡಗ, ಉಂಗುರ ಬೇಡ. ಹತ್ತಿರ ಬೀಡಿ ಸೇದಬಾರದು, ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಜಲಜನಕ ಕಿಡಿ ತಗುಲಿದರೆ ಸಿಡಿಯುತ್ತದೆ.

ಜೋಡಣೆ ಸರಿಯಿದ್ದೂ ಬ್ಯಾಟರಿ ಮತ್ತೆ ಮತ್ತೆ ಇಳಿಯುತ್ತಿದ್ದರೆ ಇಂಜಿನ್ ಓಡುವಾಗ ಅಳೆಯಬೇಕು. 13.8ರಿಂದ 14.4 ವೋಲ್ಟ್ ಇರಬೇಕು. ಕಡಿಮೆಯಿದ್ದರೆ ಬೆಲ್ಟ್ ಸಡಿಲವಾಗಿದೆಯೇ ನೋಡಿ, ಬಿಗಿಯಿದ್ದರೆ ಆಲ್ಟರ್ನೇಟರನ್ನು ಮೆಕ್ಯಾನಿಕ್‌ಗೆ ತೋರಿಸಬೇಕು. 15ರ ಮೇಲೆ ಹೋಗುತ್ತಿದ್ದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯ ನೀರು ಕುದಿದು ಆರುತ್ತದೆ.

ಪೂರ್ತಿ ಬ್ಯಾಟರಿಯಿಂದಲೇ ಓಡುವ ಟ್ರ್ಯಾಕ್ಟರುಗಳೂ ಬಂದಿವೆ. ದುರ್ಗಾಪುರದ ಸಿಎಸ್‌ಐಆರ್ ಸಂಸ್ಥೆಯ 'ಪ್ರೈಮಾ ಇಟಿ11' 2023ರಲ್ಲಿ ಬಿಡುಗಡೆಯಾಯಿತು. ಅಂಥವುಗಳಲ್ಲಿ ಕಿತ್ತಳೆ ಬಣ್ಣದ ಹೊದಿಕೆಯ ಕೇಬಲ್ಲಿಗೆ ಕೈ ಹಚ್ಚಬಾರದು. ಇಲ್ಲಿ ಹೇಳಿದ ಪರೀಕ್ಷೆ 12 ವೋಲ್ಟಿನ ಬ್ಯಾಟರಿಗೆ ಮಾತ್ರ.

ಬೇಸಿಗೆಯಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಬಿರಡೆಯಿರುವ ಬ್ಯಾಟರಿಗಳ ನೀರಿನ ಮಟ್ಟವನ್ನು ಹದಿನೈದು ದಿನಕ್ಕೊಮ್ಮೆ ನೋಡಿ, ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಬೋರ್‌ವೆಲ್ ನೀರಿನ ಲವಣ ತಟ್ಟೆಗಳನ್ನು ಹಾಳುಮಾಡುತ್ತದೆ. ಆಮ್ಲವನ್ನಂತೂ ಮೇಲಿಂದ ಸುರಿಯಲೇಬಾರದು. ಸಿಂಪರಣೆ ಮುಗಿದು ಟ್ರ್ಯಾಕ್ಟರ್ ತಿಂಗಳುಗಟ್ಟಲೆ ನಿಲ್ಲುವುದಾದರೆ ಋಣ ವಾಯರ್ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು.